ಕುಟುಂಬ ೪೪೧೭ರ ಕೆಂಪು ಬುಟ್ಟಿ

ಜುಲೈ ೧

ಇವತ್ತಿನಿಂದ ನಾನು ಶತ್ರುವಿನ ಕೋಟೆಯೊಳಗಿದ್ದೇನೆ. ವಿಮಾನ ನಗರದ ಸುಗ್ರಾಸ ಸೂಪರ್ ಮಾರ್ಕೆಟ್, ಎರಡನೆಯ ಮಹಡಿ, ಕಿಟಕಿಯಿಲ್ಲದ ಕೋಣೆ. ಎದೆಯ ಮೇಲೆ ಹಸಿರು ಬಿಲ್ಲೆ: ‘ಕೇದಾರ, ಆಹಾರ ಮಿತ್ರ’.

ಮೇ ತಿಂಗಳಲ್ಲಿ ಇದೇ ಅಂಗಡಿಯ ಬಾಗಿಲಲ್ಲಿ ನಿಂತು ಕರಪತ್ರ ಹಂಚಿದ್ದೆ. ‘ಟ್ರಾಲಿ ತಳ್ಳುವವರೇ, ನಿಮ್ಮನ್ನು ತಳ್ಳುತ್ತಿರುವವರು ಯಾರು?’ ಕಾವಲುಗಾರ ಮೂರು ಪ್ರತಿ ಕೇಳಿ ತೆಗೆದುಕೊಂಡಾಗ ಜನ ಎಚ್ಚೆತ್ತಿದ್ದಾರೆ ಎಂದುಕೊಂಡೆ. ಅವನು ಅದರಲ್ಲಿ ವಡಾ ಪಾವ್ ಸುತ್ತಿಟ್ಟ. ಅದೇ ವಾರ ಮನೆಯಲ್ಲಿ ಅಮ್ಮ ಮತ್ತು ಅಜ್ಜಿಯಿಂದ ಪ್ರಮಾಣ ಮಾಡಿಸಿದ್ದೆ: ನಮ್ಮ ಮನೆಗೆ ಸೂಪರ್ ಮಾರ್ಕೆಟ್ಟಿನ ಒಂದು ಕಡ್ಡಿಯೂ ಬರಕೂಡದು. ಅಲ್ಲಿ ಈಗ ನಾನು ಕೆಲಸಕ್ಕೆ ಸೇರಿರುವುದು ಬೇರೆ ವಿಷಯ. ಕೋಟೆಯನ್ನು ಒಳಗಿನಿಂದಲೂ ಒಡೆಯಬಹುದು.

ಯೋಜನೆಯ ಹೆಸರು ‘ಹಸಿರು ಬುಟ್ಟಿ’. ಗಿರಾಕಿ ಬಿಲ್ಲಿನ ಹೊತ್ತಿಗೆ ಮೊಬೈಲ್ ನಂಬರ್ ಹೇಳುತ್ತಾನಲ್ಲ, ಅದರ ಹಿಂದೆ ಅವನು ಏನೇನು ಕೊಂಡ ಎಂಬುದೆಲ್ಲ ಕೂಡಿಟ್ಟಿರುತ್ತದೆ. ಕೃತಕ ಬುದ್ಧಿಮತ್ತೆ ಅದನ್ನು ಓದಿ ಪ್ರತಿ ಮನೆಗೆ ಒಂದು ಬಣ್ಣ ಕೊಡುತ್ತದೆ. ಎಣ್ಣೆ, ಸಕ್ಕರೆ, ಬಿಸ್ಕತ್ತೇ ತುಂಬಿದ ಮನೆ ಕೆಂಪು. ತರಕಾರಿ, ಬೇಳೆ, ಹಾಲು ಸರಿಯಾಗಿ ಕೊಳ್ಳುವ ಮನೆ ಹಸಿರು. ಕೆಂಪು ಮನೆಗಳಿಗೆ ಸಲಹೆ, ಕೂಪನ್ ಹೋಗುತ್ತವೆ. ನಮಗೆ ಹೆಸರು, ವಿಳಾಸ ಕಾಣುವುದಿಲ್ಲ, ಒಂದು ಸಂಖ್ಯೆ ಮಾತ್ರ.

ಪ್ರತಿ ಆಹಾರ ಮಿತ್ರನಿಗೆ ಐದು ಕೆಂಪು ಕುಟುಂಬ. ನವೆಂಬರ್ ಐದರೊಳಗೆ ಐದೂ ಹಸಿರಾದರೆ ನೌಕರಿ ಖಾಯಂ. ಒಂದು ಕಡಿಮೆಯಾದರೂ ಬಿಲ್ಲೆ ವಾಪಸ್.

ಬೇಕರಿ, ಟ್ಯೂಷನ್ ಕ್ಲಾಸು, ವಿಮೆ ಕಚೇರಿ, ಮೂರೂ ಕಡೆ ಬಾಯಿ ಮುಚ್ಚದ್ದಕ್ಕೆ ನನ್ನನ್ನು ಹೊರಗೆ ಹಾಕಿದರು. ಬಾಯಿ ತೆರೆದದ್ದಕ್ಕೇ ಸಂಬಳ ಕೊಡುವವರು ಇವರೇ ಮೊದಲು. ಈ ನೌಕರಿಯನ್ನು ನಾನು ಬಿಡುವುದಿಲ್ಲ.

ಜುಲೈ ೭

ಈ ಮರಾಠಿ ಊರಿನಲ್ಲೂ ನನಗೆ ಸಿಕ್ಕ ಮೇಲಧಿಕಾರಿ ಕನ್ನಡದವರು, ಬೆಳಗಾವಿಯ ದಿಗಂಬರ ಸರ್. ಮೊದಲ ದಿನವೇ ಕೇಳಿದರು: “ಏನು ಓದೀಯಪ್ಪಾ ನೀ?”

“ಕರಪತ್ರ ಓದೀನ್ರಿ. ಇಪ್ಪತ್ತು ಪುಟ ದಾಟಿದ ಪುಸ್ತಕ ಸುಳ್ಳು ಹೇಳಲಿಕ್ಕೆ ಶುರು ಮಾಡ್ತದ್ರಿ.”

“ಛಲೋ ಆತು. ನಮ್ಮ ರಿಪೋರ್ಟೂ ಎರಡs ಪುಟ ಇರ್ತದ.”

ಇವತ್ತು ಅಂಗಡಿಯಲ್ಲಿ ಒಬ್ಬ ಹಿರಿಯರ ಟ್ರಾಲಿಯಿಂದ ಕ್ರೀಮ್ ಬಿಸ್ಕತ್ತು ತೆಗೆದು ಅದರ ಜಾಗದಲ್ಲಿ ಗಜ್ಜರಿ ಇಟ್ಟೆ. ಅವರು ಮರಾಠಿಯಲ್ಲಿ ನನಗೆ ಮದುವೆಯಾಗಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಆಗುವುದೂ ಇಲ್ಲ ಎಂದರು.

ಮನೆಯಲ್ಲಿ ಅಜ್ಜಿಯ ಚಾತುರ್ಮಾಸ್ಯ ಶುರುವಾಯಿತು. ನಾಲ್ಕು ತಿಂಗಳು ದೇವರು ಮಲಗುತ್ತಾನಂತೆ, ಅವನು ಏಳುವವರೆಗೆ ತಿಂಗಳಿಗೊಂದು ಪದಾರ್ಥ ಅಡುಗೆಮನೆಯಿಂದ ಬಂದ್. ಯಾವ ತಿಂಗಳು ಯಾವುದು ಎಂದು ಅಮ್ಮ ಬಡಿಸುತ್ತ ಹೇಳುತ್ತಿದ್ದಳು. ನಾನು ತಾಳೆ ಎಣ್ಣೆಯ ಮೇಲಿನ ಕರಪತ್ರ ಓದುತ್ತಿದ್ದೆ. ದೇಶ ಅಪೌಷ್ಟಿಕತೆಯಿಂದ ಸಾಯುತ್ತಿರುವಾಗ ನಮ್ಮ ಮನೆಯವರು ದೇವರ ನಿದ್ದೆ ಕಾಯುತ್ತಿದ್ದಾರೆ.

ಜುಲೈ ೨೪

ನನ್ನ ಐದು ಕುಟುಂಬಗಳಲ್ಲಿ ನಾಲ್ಕು ಬರೀ ಸೋಮಾರಿಗಳು, ಚಿಪ್ಸ್ ಗಿರಾಕಿಗಳು. ಐದನೆಯದು ಈ ವಾರವಷ್ಟೇ ಕೆಂಪಾಗಿ ನನ್ನ ಪಾಲಿಗೆ ಬಂದದ್ದು, ನನ್ನ ನಿದ್ದೆ ಕೆಡಿಸಿದೆ.

ಕುಟುಂಬ ೪೪೧೭, ಬಿಬವೇವಾಡಿ ಶಾಖೆ. ನಮ್ಮ ಬಡಾವಣೆಯೇ. ಜೂನ್‌ವರೆಗೆ ವಾರಕ್ಕೆರಡು ಸಲ ಬದನೆ, ಹೀರೆ, ಮೆಂತ್ಯ, ಬೆಂಡೆ. ಜುಲೈ ಆರರ ನಂತರ ಒಂದು ಎಲೆಯೂ ಇಲ್ಲ. ಹಸಿಮೆಣಸಿನಕಾಯಿ ಇಲ್ಲ, ಹುಣಸೆಹಣ್ಣು ಕೂಡ ಇಲ್ಲ. ಅಕ್ಕಿ, ಹೆಸರುಬೇಳೆ, ಕಾಳುಮೆಣಸು, ಜೀರಿಗೆ, ಅಷ್ಟೇ. ಹುಣಸೆಹಣ್ಣನ್ನೂ ಕೊಳ್ಳಲಾಗದ ಮನೆ ಎಂಥದಿರಬಹುದು?

ಅಂಕಿಸಂಖ್ಯೆ ನೋಡಿಕೊಳ್ಳುವ ರಂಜಿನಿಗೆ ತೋರಿಸಿದೆ. ಅವಳು ಹಾಸನದವಳು.

“ಊರಿಗೆ ಹೋಗಿರ್ತಾರೆ ಬಿಡಿ,” ಎಂದಳು.

“ಊರಿಗೆ ಹೋದವರು ಇಲ್ಲಿ ಅಕ್ಕಿ ಯಾಕ್ರಿ ಒಯ್ತಾರ?”

“ಹೌದಲ್ವಾ. ಹಾಗಿದ್ರೆ ವೆಜಿಟೇಬಲ್ ಕೂಪನ್ ಕಳಿಸೋಣ. ದಿನಾ ಕಳಿಸೋಣ.”

ಹೂಕೋಸಿನ ಮೇಲೆ ಅರ್ಧ ಬೆಲೆ ರಿಯಾಯಿತಿ ಕಳಿಸಿದೆವು. ಮನೆಗೆ ಬಂದು ಊಟಕ್ಕೆ ಕುಳಿತವನು ಅರ್ಧಕ್ಕೇ ತಟ್ಟೆ ದೂರ ಸರಿಸಿದೆ. ಅಜ್ಜಿ, “ಯಾಕೋ, ಮೆಣಸಿನ ಸಾರು ಖಾರ ಆತೇನು?” ಎಂದು ಕೇಳಿದಳು. ಸಾರಿನ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆಗಸ್ಟ್ ೬

ಗೆದ್ದೆ. ೪೪೧೭ ನಿನ್ನೆ ಎರಡು ಕಿಲೋ ತರಕಾರಿ ಕೊಂಡಿದೆ. ಬದನೆ, ಬೆಂಡೆ, ಮೂರು ಥರದ ಸೊಪ್ಪು, ಹಸಿಮೆಣಸಿನಕಾಯಿ, ಹುಣಸೆಹಣ್ಣು. ಹೂಕೋಸು ಮಾತ್ರ ಕೊಂಡಿಲ್ಲ, ಅದು ಅವರ ಸ್ವಾಭಿಮಾನ. ದಿಗಂಬರ ಸರ್ ಗ್ರಾಫನ್ನು ದೊಡ್ಡದು ಮಾಡಿಸಿ ಗೋಡೆಗೆ ಅಂಟಿಸಿದರು. “ಕೂಪನ್ ಹೋತು, ತರಕಾರಿ ಬಂತು. ಇದs ನೋಡು ವಿಜ್ಞಾನ.”

ಮನೆಯಲ್ಲೂ ಇವತ್ತು ಬದನೆಕಾಯಿ ಎಣಗಾಯಿ. ಒಂದು ತಿಂಗಳ ನಂತರ ಎಂದು ಅಜ್ಜಿ ಎರಡೆರಡು ಸಲ ಹೇಳಿದಳು. ನಾನು ಐದು ತಿಂದೆ. ಗೆದ್ದ ದಿನ ಹಸಿವು ಜಾಸ್ತಿ.

ಆಗಸ್ಟ್ ೨೧

೪೪೧೭ರಲ್ಲಿ ಮೊಸರು ನಿಂತಿದೆ. ಮಜ್ಜಿಗೆಯೂ ಇಲ್ಲ. ಹದಿನೈದು ದಿನವಾಯಿತು. ತರಕಾರಿ ತರಲೆಂದು ಮೊಸರು ಬಿಟ್ಟರೇ? ಇದು ನನ್ನ ತಪ್ಪೇ? ಮೊಸರಿನ ಕೂಪನ್ ಶುರು ಮಾಡಿದೆವು, ಬೆಳಿಗ್ಗೆ ಒಂದು, ಸಂಜೆ ಒಂದು.

ಇವತ್ತು ಅಜ್ಜಿಯ ಮೇಲೆ ರೇಗಿದೆ. ಊಟದ ಕೊನೆಗೆ ಅನ್ನಕ್ಕೆ ಹಾಲು ಹಾಕಿದಳು. ಮೊಸರೆಲ್ಲಿ ಎಂದರೆ, “ಈ ತಿಂಗಳು ಇಲ್ಲಪಾ, ಮನ್ನೆನೇ ಹೇಳಿದ್ನಲ್ಲ,” ಎಂದಳು. ನಾನೆಂದೆ: “ಅಜ್ಜಿ, ಇದೇ ಬಿಬವೇವಾಡಿಯೊಳಗ ಒಂದು ಮನಿಗೆ ಮೊಸರು ಕೊಳ್ಳೂ ತಾಕತ್ತಿಲ್ಲ. ನೀ ಬೇಕಂತ ಬಿಟ್ಟು ಕೂತೀದಿ. ನಾಚಿಕಿ ಆಗಬೇಕು ನಿನಗ.”

“ಪಾಪ, ಯಾರ ಮನಿಯೋ?”

“ಹೆಸರು ಹೇಳೂ ಹಂಗಿಲ್ಲ. ಗುಟ್ಟು.”

“ಹೋಗಿ ಒಂದು ಪಾತೇಲಿ ಮೊಸರು ಕೊಟ್ಟು ಬಾ ಅವರಿಗೆ. ನಮ್ಮನ್ಯಾಗ ಹೆಪ್ಪು ಹಾಕೂದಿಲ್ಲ ಈಗ, ಲೀಲಾಕ್ಷಿ ಕಡೆ ಇಸ್ಕೊಂಡು ಹೋಗು.” ಲೀಲಾಕ್ಷಿ ಪಕ್ಕದ ಮನೆಯವರು. ಅಜ್ಜಿಯ ಪರಿಹಾರಗಳೆಲ್ಲ ಒಂದು ಪಾತೇಲಿಯಷ್ಟೇ. ವ್ಯವಸ್ಥೆಯ ಬಗ್ಗೆ ಅವಳಿಗೆ ಏನೂ ತಿಳಿಯದು.

ಸೆಪ್ಟೆಂಬರ್ ೧೮

ನಾಲ್ಕು ಸೋಮಾರಿಗಳು ಹಸಿರಾಗಿದ್ದಾರೆ. ಉಳಿದದ್ದು ೪೪೧೭ ಒಂದೇ. ಅಲ್ಲಿ ಮೊಸರು ಬಂದ ದಿನವೇ ಹಾಲು ಹೋಯಿತು.

ರಂಜಿನಿ ಪರದೆಯನ್ನು ಬಹಳ ಹೊತ್ತು ನೋಡಿದಳು. “ಕೇದಾರ್, ಈ ಪ್ಯಾಟರ್ನ್ ತುಂಬಾ ಕ್ಲೀನ್ ಆಗಿದೆ. ಕರೆಕ್ಟಾಗಿ ಮೂವತ್ತು ದಿನ ಒಂದು, ಮೂವತ್ತು ದಿನ ಇನ್ನೊಂದು. ಹಸಿವು ಇಷ್ಟು ನೀಟಾಗಿ ಬರಲ್ಲ.”

“ಬಡವರು ನೀಟಾಗಿ ಇರಬಾರದೇನ್ರಿ?”

“ಅಯ್ಯೋ, ನಾನು ಹಾಗಂದ್ನಾ? ಹೋದ ವರ್ಷದ ಡೇಟಾ ತೆಗೆದು ನೋಡೋಣ ಅಂದೆ ಅಷ್ಟೆ.”

ಹೋದ ವರ್ಷದ್ದು ಬೇಡ ಎಂದೆ. ಮುಳುಗುತ್ತಿರುವವರ ಹಳೆಯ ಫೋಟೋ ನೋಡುತ್ತ ಕೂರುವವನಲ್ಲ ನಾನು.

ಅಕ್ಟೋಬರ್ ೧೨

ಬೇಳೆ ಹೋಯಿತು. ತೊಗರಿ, ಹೆಸರು, ಕಡಲೆ, ಉದ್ದು, ಎಲ್ಲ. ಹಾಲು ಮರಳಿ ಬಂದಿದೆ, ಅದರಿಂದ ಏನಾಗಬೇಕು? ಯಂತ್ರ ಬಣ್ಣವನ್ನು ಕಡುಗೆಂಪು ಮಾಡಿದೆ.

ಈಗ ನನಗೆ ಎಲ್ಲ ಅರ್ಥವಾಗಿದೆ. ಹಣವಿಲ್ಲದವರು ಹೀಗೆ ಕೊಳ್ಳುವುದಿಲ್ಲ. ಆ ಮನೆಯಲ್ಲಿ ಯಾರೋ ಒಬ್ಬರು ಸರದಿಯ ಮೇಲೆ ಬೇರೆಯವರ ಬಾಯಿಗೆ ಬೀಗ ಹಾಕುತ್ತಿದ್ದಾರೆ. ಒಂದೇ ಉಸಿರಿನಲ್ಲಿ ಕರಪತ್ರ ಬರೆದೆ: ‘ಕುಟುಂಬ ೪೪೧೭: ಒಂದು ಅಡುಗೆಮನೆಯ ಕೊಲೆ’. ಒಂದು ಸಾಲು ನನಗೇ ಮೆಚ್ಚಿಗೆಯಾಯಿತು: ‘ತರಕಾರಿ, ಮೊಸರು, ಹಾಲು, ಬೇಳೆ ಒಂದೊಂದಾಗಿ ಕಿತ್ತುಕೊಂಡ ಆ ಕಲ್ಲೆದೆಯ ಗೃಹಿಣಿ ಯಾರು? ಅವಳು ನಿಮ್ಮ ಪಕ್ಕದಲ್ಲೇ ಇರಬಹುದು.’ ಇನ್ನೂರು ಪ್ರತಿ ಝೆರಾಕ್ಸ್ ಮಾಡಿಸಿ ಬಿಬವೇವಾಡಿಯ ಭಾಜಿ ಮಾರ್ಕೆಟ್ಟಿನಲ್ಲಿ ಹಂಚಿದೆ. ಈ ಸಲ ಯಾರೂ ವಡಾ ಪಾವ್ ಸುತ್ತಲಿಲ್ಲ. ಓದಿದರು.

ಅಕ್ಟೋಬರ್ ೧೬

ಜಗಳವಾಡಿ ಒಪ್ಪಿಸಿದೆ. ನಾಳೆ ೪೪೧೭ರ ಮನೆಗೆ ಭೇಟಿ. ಸಂಸ್ಥೆಯ ಕಡೆಯಿಂದ ಬೇಳೆಗಳ ದೊಡ್ಡ ಬುಟ್ಟಿ. ‘ಭೇಟಿಗೆ, ಫೋಟೋಕ್ಕೆ ಒಪ್ಪಿಗೆಯೇ?’ ಎಂಬ ಸಂದೇಶಕ್ಕೆ ಅವರು ‘ಹೌದು’ ಎಂದು ಉತ್ತರಿಸಿದ್ದಾರೆ. ಎಷ್ಟು ಕಷ್ಟದಲ್ಲಿ ಒತ್ತಿರಬಹುದು ಆ ಬೆರಳು.

ಅಕ್ಟೋಬರ್ ೧೭

ಇವತ್ತು ಬರೆಯಲಾರೆ.

ಅಕ್ಟೋಬರ್ ೧೮

ಬರೆಯುತ್ತೇನೆ.

ವ್ಯಾನಿನಲ್ಲಿ ದಿಗಂಬರ ಸರ್, ರಂಜಿನಿ, ಫೋಟೋ ತೆಗೆಯುವವನೊಬ್ಬ, ಮಡಿಲಲ್ಲಿ ಬುಟ್ಟಿ ಹಿಡಿದ ನಾನು. ಸ್ವಾರಗೇಟ್ ದಾಟಿದ ಮೇಲೆ, ಭೇಟಿಗೆಂದು ಕಚೇರಿ ಕೊಟ್ಟ ವಿಳಾಸವನ್ನು ಸರ್ ಚಾಲಕನಿಗೆ ಓದಿ ಹೇಳಿದರು. ಗಂಗೋತ್ರಿ ಸೊಸೈಟಿ, ಬಿ ವಿಂಗ್, ಫ್ಲ್ಯಾಟ್ ಹನ್ನೆರಡು.

ಬಿ ವಿಂಗ್ ಹನ್ನೆರಡರಲ್ಲಿ ನಾನು ಇಪ್ಪತ್ತಮೂರು ವರ್ಷದಿಂದ ಇದ್ದೇನೆ.

ಏನಾದರೂ ಹೇಳಬೇಕಿತ್ತು. ನಾನು ಹೇಳಿದ್ದು, “ಸರ್, ಅಲ್ಲಿ ಪಾರ್ಕಿಂಗ್ ಸಿಗೂದಿಲ್ರಿ.”

ಬಾಗಿಲು ತೆರೆದವಳು ಅಜ್ಜಿ. ಮಡಿಯಲ್ಲಿದ್ದಳು. “ಅಲ್ಲೇ ನಿಲ್ರಿ, ಮುಟ್ಟಬ್ಯಾಡ್ರಿ,” ಎಂದವಳು ನನ್ನನ್ನು ನೋಡಿದಳು. “ನೀ ಯಾಕ ಇಷ್ಟು ಲಗೂ ಬಂದಿ? ಇವರು ಯಾರು? ಆ ಬುಟ್ಟಿ ಏನು?”

“ನಿಮಗ ರೀ ಅಜ್ಜಿ, ಬ್ಯಾಳಿ,” ಎಂದರು ದಿಗಂಬರ ಸರ್.

“ಬ್ಯಾಳಿ? ಬ್ಯಾಡ್ರಪಾ. ದ್ವಾದಶಿ ತನಕ ಹೊಸ್ತಿಲ ಒಳಗ ತರಬ್ಯಾಡ್ರಿ.”

ಅಮ್ಮ ಒಳಗಿನಿಂದ ಬಂದು ನನ್ನ ಬಿಲ್ಲೆ ನೋಡಿ, ಬುಟ್ಟಿ ನೋಡಿ, ಗೋಡೆಗೆ ಒರಗಿದಳು. ರಂಜಿನಿ ಮೆಲ್ಲಗೆ ಕೇಳಿದಳು, ಯಾಕೆ ಅಜ್ಜಿ, ಬೇಳೆ ತಿನ್ನಲ್ವಾ. ಅಜ್ಜಿ ಬಾಗಿಲಲ್ಲೇ ನಿಂತು ಬೆರಳು ಮಡಚಿದಳು. ಮೊದಲ ತಿಂಗಳು ಶಾಕವ್ರತ, ಕಾಯಿಪಲ್ಯ ಇಲ್ಲ. ಎರಡನೇದ್ದು ದಧಿವ್ರತ, ಮೊಸರಿಲ್ಲ. ಮೂರನೇದ್ದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೇದ್ದು ದ್ವಿದಳ, ಬ್ಯಾಳಿ ಇಲ್ಲ. ಐವತ್ತೆರಡು ವರ್ಷದಿಂದ ಹೀಗೇ. ನಾಲ್ಕು ಬೆರಳು, ನನ್ನ ಗ್ರಾಫಿನ ನಾಲ್ಕು ಗುಂಡಿಗಳು.

“ಈ ವರ್ಷ ಭಾಳ ಕಠಿಣ ಆತು ನೋಡವಾ,” ಎಂದಳು ರಂಜಿನಿಗೆ. “ಫೋನಿನ್ಯಾಗ ಯಾರೋ ಪರೀಕ್ಷಾ ಮಾಡ್ಲಿಕ್ಹತ್ತಾರ. ಪಲ್ಯ ಬಿಟ್ಟರ ಪಲ್ಯದ ಕೂಪನ್, ಮೊಸರು ಬಿಟ್ಟರ ಮೊಸರಿಂದು. ಮನ್ನೆ ಏನೋ ಕೇಳಿದ್ರು, ಕಾಟ ತಪ್ಪಲಿ ಅಂತ ಹೌದು ಒತ್ತಿದೆ. ಹಿಂದ ತಪಸ್ಸಿಗೆ ಕೂತವರ ಹತ್ತರ ಅಪ್ಸರೆಯರು ಬರ್ತಿದ್ರಂತ. ನನಗ ಹೂಕೋಸು ಬಂತು.”

ಫೋಟೋದವನು ನಕ್ಕ ಭರದಲ್ಲಿ ಕ್ಯಾಮೆರಾ ಅಲುಗಿಸಿಕೊಂಡ.

ಅವರೆಲ್ಲ ಹೋದ ಮೇಲೆ ಕೇಳಿದೆ, ನೀವು ಸೂಪರ್ ಮಾರ್ಕೆಟ್ಟಿಗೆ ಹೋಗುವುದಿಲ್ಲ ಎಂದು ಪ್ರಮಾಣ ಮಾಡಿದ್ದಿರಲ್ಲ.

“ನೀ ಮಾಡಿಸಿದಿ, ನಾವು ಹೂಂ ಅಂದ್ವಿ,” ಎಂದಳು ಅಮ್ಮ. “ಅತ್ತಿಯವರಿಗೆ ಮೊಣಕಾಲು ನೋವು. ಡಾಕ್ಟ್ರು ಅಡ್ಡಾಡ್ರಿ ಅಂದಾರ. ರಸ್ತೆದಾಗ ಎಲ್ಲಿ ಅಡ್ಡಾಡಬೇಕು? ಅಲ್ಲಿ ಟ್ರಾಲಿ ಹಿಡ್ಕೊಂಡು ನಾಕು ಸುತ್ತು ಹಾಕ್ತಾರ. ನೆಲ ಸಪಾಟ ಅದ, ತಂಪದ.”

“ನನಗ ಹೇಳಬಾರದಿತ್ತೇನು?”

“ನಿನಗೇನು ಹೇಳೂದೋ?” ಎಂದಳು ಅಮ್ಮ. “ನಾಕು ತಿಂಗಳು ನನ್ನ ಮುಂದ ಕೂತು ಉಂಡಿ. ಆ ಮಷೀನಿಗೆ ತಿಳೀತು, ನಮ್ಮನ್ಯಾಗ ಮೊಸರಿಲ್ಲ ಅಂತ.”

ಅಕ್ಟೋಬರ್ ೨೩

ದೀಪಾವಳಿ ಮುಗಿಯಿತು. ಕೊಲ್ಹಾಪುರದ ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡುವ ಅಪ್ಪ ಎರಡು ದಿನ ಬಂದು ಹೋದ. ಯಾರೂ ಅವನಿಗೆ ಏನೂ ಹೇಳಲಿಲ್ಲ.

ದಿಗಂಬರ ಸರ್ ಖುಷಿಯಾಗಿದ್ದಾರೆ. ಸತ್ಯ ಗೊತ್ತಾದ ಮೇಲೆ ಯೋಜನೆ ಬಿದ್ದುಹೋಗುತ್ತದೆ ಎಂದುಕೊಂಡಿದ್ದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. “ಹುಚ್ಚಪ್ಪಾ, ದ್ವಾದಶಿ ಯಾವಾಗದ? ನವೆಂಬರ್ ಮೂರು. ಅವತ್ತಿನಿಂದ ನಿಮ್ಮನ್ಯಾಗ ಎಲ್ಲಾ ಚಾಲೂ. ಬುಟ್ಟಿ ಹಸಿರು, ನಿನ್ನ ನೌಕರಿ ಖಾಯಂ. ನೀ ಬಾಯಿ ಮುಚ್ಚಿಕೊಂಡು ಇರು. ಅಷ್ಟs ಕೆಲಸ.”

ಸಂಜೆ ಅಜ್ಜಿಯ ಫೋನಿಗೆ ಒಂದು ಚಿತ್ರ ಬಂತು. ಬಾಗಿಲಲ್ಲಿ ಬೆರಳು ಮಡಚಿ ನಿಂತ ಅಜ್ಜಿ. ಅದರ ಮೇಲೆ ದೊಡ್ಡ ಮರಾಠಿ ಅಕ್ಷರದಲ್ಲಿ: ಈ ಮನೆಯಲ್ಲಿ ತರಕಾರಿ ಇರಲಿಲ್ಲ, ಹಾಲಿರಲಿಲ್ಲ, ಬೇಳೆ ಇರಲಿಲ್ಲ. ನಾವು ಹೋದೆವು. ಕೆಳಗೆ: ಕುಟುಂಬ ೪೪೧೭. ನವೆಂಬರ್ ಐದರಿಂದ ಹನ್ನೆರಡು ಅಂಗಡಿಗಳಲ್ಲಿ ಈ ಪೋಸ್ಟರ್ ಹಾಕುತ್ತಾರಂತೆ.

ಅಜ್ಜಿ, “ಸೆರಗು ಸರಿ ಬಂದದ ಬಿಡು,” ಎಂದಳು. ಅಮ್ಮ ಒಳಗೆ ಹೋಗಿ, ಮಡಚಿದ ಒಂದು ಕಾಗದ ತಂದು ನನ್ನ ಮುಂದಿಟ್ಟಳು. ನನ್ನ ಕರಪತ್ರ. ಲೀಲಾಕ್ಷಿ ಮಾವಶಿ ಕೊಟ್ಟರಂತೆ, ನಿಮ್ಮ ಹುಡುಗ ಬರೆದದ್ದು ಎಂದು ಮೆಚ್ಚಿ.

“ಆ ಕಲ್ಲೆದೆಯ ಗೃಹಿಣಿ ಯಾರು ಅಂತ ಕೇಳೀದಿ,” ಎಂದಳು. ದನಿ ಏರಿಸಲಿಲ್ಲ. “ಇನ್ನೂರು ಮಂದಿ ಓದ್ಯಾರ. ಈಗ ಅದs ನಂಬರ್ ಹಾಕಿ ಅತ್ತಿಯವರ ಫೋಟೋ ತೂಗು ಹಾಕ್ತಾರ. ನೋಡಿದವರು ಕೇಳೂದು ಒಂದs. ಸೊಸಿ ಎಲ್ಲಿದ್ಲು?”

ಈ ಮನೆಯಲ್ಲಿ ವ್ರತ ಅಜ್ಜಿಯದು. ಅದಕ್ಕೆ ಬೇಕಾದ ನಾಲ್ಕು ಬಗೆಯ ಅಡುಗೆಗೆ ನೆನೆಸಿ, ಬೀಸಿ, ಹೊಂದಿಸಿ, ಕಚೇರಿಗೂ ಹೋಗಿ ಬರುವವಳು ಅಮ್ಮ. ಇದನ್ನು ನಾನು ಯಾವ ಕರಪತ್ರದಲ್ಲೂ ಓದಿರಲಿಲ್ಲ.

ಅಕ್ಟೋಬರ್ ೨೪

ನೌಕರಿ ಖಾಯಂ ಆಗಬೇಕೆಂದರೆ ಸುಮ್ಮನಿರಬೇಕು. ಸುಮ್ಮನಿದ್ದರೆ ಪೋಸ್ಟರ್ ಬರುತ್ತದೆ. ಸುಮ್ಮನಿರುವುದು ನನಗೆ ಯಾವಾಗಲೂ ಕಷ್ಟ, ಆದರೆ ಸುಮ್ಮನಿರುವ ಆಸೆ ಇಷ್ಟೊಂದು ಎಂದೂ ಆಗಿರಲಿಲ್ಲ.

ಅಕ್ಟೋಬರ್ ೨೯

ಮುಂಬೈಯಿಂದ ಮೂವರು ದೊಡ್ಡವರು ಬಂದಿದ್ದರು. ದಿಗಂಬರ ಸರ್ ಗ್ರಾಫ್ ತೋರಿಸಿದರು. ಕೂಪನ್ ಹೋಯಿತು, ತರಕಾರಿ ಬಂತು. ಕೂಪನ್ ಹೋಯಿತು, ಮೊಸರು ಬಂತು. ನಾನು ಎದ್ದು ನಿಂತೆ.

“ಅದು ಕೂಪನ್ ಅಲ್ಲ, ಪಂಚಾಂಗ,” ಎಂದೆ ಹಿಂದಿಯಲ್ಲಿ. ನಾಲ್ಕು ವ್ರತ ವಿವರಿಸಿದೆ. ರಂಜಿನಿ, ನಾನು ಕೇಳದಿದ್ದರೂ, ಹೋದ ವರ್ಷದ ಲೆಕ್ಕ ಪರದೆಗೆ ಹಾಕಿದಳು. ಅದೇ ನಾಲ್ಕು ಗುಂಡಿ, ಆಗ ಕೂಪನ್ ಹುಟ್ಟಿಯೇ ಇರಲಿಲ್ಲ. ಆಮೇಲೆ ಮೂವರಲ್ಲಿ ದಪ್ಪನೆಯವರು ಕೇಳಿದರು, ಇಂಥ ಮನೆಗಳು ಎಷ್ಟಿವೆ, ತಿಂಗಳಿಗೊಂದು ವ್ರತದ ಪ್ಯಾಕೆಟ್ ಮಾರಬಹುದೇ. ಎರಡನೆಯವರು, ಪೋಸ್ಟರಿನ ಮುಖ ಚೆನ್ನಾಗಿದೆ, ಕಾರಣ ಏನೇ ಇರಲಿ, ಹಾಗೇ ಇರಲಿ ಎಂದರು. ದಿಗಂಬರ ಸರ್ ಮತ್ತೆ ಉಸಿರಾಡತೊಡಗಿದರು.

ಸತ್ಯ ಹೇಳಿದರೆ ಪೋಸ್ಟರ್ ನಿಲ್ಲುತ್ತದೆ ಎಂದು ನಂಬಿದ್ದೆ. ಸತ್ಯವನ್ನು ಅವರು ಪ್ಯಾಕೆಟ್ ಮಾಡಿದರು.

ಜೇಬಿನಲ್ಲಿದ್ದ ಕರಪತ್ರ ತೆಗೆದು ಮೇಜಿನ ಮೇಲಿಟ್ಟೆ. ಗಿರಾಕಿ ಸಂಖ್ಯೆ, ಅವರು ಕೊಂಡದ್ದು, ಬಿಟ್ಟದ್ದು, ಎಲ್ಲ ಬರೆದು ಇನ್ನೂರು ಪ್ರತಿ ಬೀದಿಯಲ್ಲಿ ಹಂಚಿದವನು ನಾನು ಎಂದೆ. ಅದೇ ಸಂಖ್ಯೆಯ ಪೋಸ್ಟರ್ ಹಾಕಿದರೆ, ಗಿರಾಕಿಗಳ ಗುಟ್ಟು ಇಲ್ಲಿಂದಲೇ ಹೊರಗೆ ಹೋಯಿತೆಂದು ಊರಿಗೆಲ್ಲ ತಿಳಿಯುತ್ತದೆ ಎಂದೆ. ಪೋಸ್ಟರ್ ರದ್ದಾಗಲು ಎರಡು ನಿಮಿಷ ಬೇಕಾಯಿತು. ನಾನು ರದ್ದಾಗಲು ಅದಕ್ಕಿಂತ ಕಡಿಮೆ.

ಕೆಳಗಿಳಿಯುವಾಗ ದಿಗಂಬರ ಸರ್ ಮೆಟ್ಟಿಲ ಮೇಲೆ ನಿಲ್ಲಿಸಿದರು. “ಐದs ದಿನ ಇತ್ತಲ್ಲೋ ಖೋಡಿ. ಐದು ದಿನ ಬಾಯಿ ಮುಚ್ಚಿಕೊಳ್ಳಲಿಕ್ಕೆ ಆಗಲಿಲ್ಲ ನಿನಗ?” ಬೈಗುಳದಂತೆ ಕೇಳಲಿಲ್ಲ. ಬಿಲ್ಲೆ ಬಿಚ್ಚಿ ಅವರ ಕೈಗೆ ಕೊಟ್ಟೆ.

ಅಕ್ಟೋಬರ್ ೩೦

ಅಮ್ಮನಿಗೆ ಹೇಳಿದೆ, ಪೋಸ್ಟರ್ ಬರುವುದಿಲ್ಲ ಎಂದು. ನೌಕರಿ ಏನಾಯಿತು ಎಂದಳು. ಅದೂ ಇಲ್ಲ ಎಂದೆ. ಹೂಂ ಎಂದಳು. ಲೀಲಾಕ್ಷಿ ಮಾವಶಿಯ ಮನೆಗೆ ಹೋಗಿ ಕರಪತ್ರ ತಪ್ಪು ಎಂದು ಹೇಳಿ ಬಂದೆ. ಅವರು, ಭಾಷೆ ಚೆನ್ನಾಗಿತ್ತು ಎಂದರು. ಇನ್ನು ನೂರಾ ತೊಂಬತ್ತೊಂಬತ್ತು ಮನೆ.

ನವೆಂಬರ್ ೩

ದ್ವಾದಶಿ. ನಸುಕಿನಲ್ಲಿ ಪಾರಣೆ. ಅಮ್ಮನ ಮಣಿಕಟ್ಟು ಬಾತಿತ್ತು, ಹಾಗಾಗಿ ಹೂರಣ ನಾನೇ ರುಬ್ಬಿದೆ. ಅಜ್ಜಿ ಬಿಡುತ್ತಿರಲಿಲ್ಲ, ಸ್ನಾನ ಮಾಡಿ ಒದ್ದೆ ಪಂಚೆ ಉಟ್ಟರೆ ಮಾತ್ರ ಎಂದಳು. ಉಟ್ಟೆ. ಇದರಲ್ಲಿ ಸಿದ್ಧಾಂತದ ಪ್ರಶ್ನೆಯೇನಿಲ್ಲ, ಕೈ ನೋವಿನ ಪ್ರಶ್ನೆ. ಹೂರಣಕ್ಕೆ ಬೆಲ್ಲ ಬೇಳೆಯಷ್ಟೇ ತೂಕ ಬೇಕಂತೆ. ತೊವ್ವೆ, ಕೋಸಂಬರಿ, ಆಂಬೊಡೆ, ಹೋಳಿಗೆ. ಅಜ್ಜಿ ಮೊದಲ ತುತ್ತು ತೊವ್ವೆ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅಮ್ಮ ಎಲ್ಲರಿಗೂ ಬಡಿಸಿ ನಿಂತಿದ್ದಳು, ಕೂಡು ಎಂದೆ. ಕುಳಿತಳು. ನಾನು ಬಡಿಸಿದೆ.

ಊಟ ಮುಗಿಯುವ ಹೊತ್ತಿಗೆ ಅಜ್ಜಿಯ ಫೋನು ಸದ್ದು ಮಾಡಿತು. ಪಾರಣೆಗೆಂದು ಮೊನ್ನೆಯೇ ಅಮ್ಮ ಎಲ್ಲ ಬೇಳೆ ಕೊಂಡು ಲೀಲಾಕ್ಷಿ ಮಾವಶಿಯ ಮನೆಯಲ್ಲಿಟ್ಟಿದ್ದಳಲ್ಲ, ಯಂತ್ರ ಲೆಕ್ಕ ಹಾಕಿದೆ. ಅಜ್ಜಿ ಓದು ಎಂದಳು, ಓದಿದೆ: ‘ಅಭಿನಂದನೆಗಳು. ನಿಮ್ಮ ಬುಟ್ಟಿ ಹಸಿರಾಗಿದೆ. ನಿಮ್ಮ ಆಹಾರ ಮಿತ್ರ ಕೇದಾರನಿಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’

ಯಂತ್ರಕ್ಕೆ ಯಾರೂ ಹೇಳಿಲ್ಲ, ನಾನಿಲ್ಲ ಎಂದು.

“ನಾವು ಪಾಸಾದ್ವಿ, ನೀ ನಪಾಸ,” ಎಂದು ಅಜ್ಜಿ ನಕ್ಕಳು. “ಐದ್ರಾಗ ಎಷ್ಟು ಕೊಡೂಣು, ಇಂದೂ?” ಎಂದು ಅಮ್ಮನನ್ನು ಕೇಳಿದಳು.

ಅಮ್ಮ ಕೈ ತೊಳೆದುಕೊಂಡು ಬಂದು ಫೋನು ತೆಗೆದುಕೊಂಡಳು. “ಒಂದು ಭಾಳ ಆತು,” ಎಂದಳು. ಬೆರಳು ಒಂದರ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಹೂರಣ ಹತ್ತಿದ ನನ್ನ ಪಂಚೆಯನ್ನು ಒಮ್ಮೆ ನೋಡಿದಳು. ಆಮೇಲೆ ಮೂರನ್ನು ಒತ್ತಿ, ಫೋನು ಬೋರಲು ಹಾಕಿ, ಇನ್ನೊಂದು ಹೋಳಿಗೆ ಹಾಕು ಎಂದು ತಟ್ಟೆ ಮುಂದೆ ಹಿಡಿದಳು.